ಅಕ್ಷರ ಕೆಟ್ಟ ವರ್ಷ

ಆ ಹುಡುಗನ ನೋಟ್‌ಬುಕ್ಕನ್ನು ನಾನು ಬೇರೆ ಮಕ್ಕಳಿಗೆ ಎತ್ತಿ ತೋರಿಸುತ್ತಿದ್ದೆ. "ನೋಡಿ, ಬರೆದ್ರೆ ಹೀಗೆ ಬರೀಬೇಕು." ಗೆರೆ ಮೇಲೆ ಸಾಲಾಗಿ ಕೂತ ದುಂಡಗಿನ ಅಕ್ಷರ. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಪುಟದ ಕೆಳಗೆ ನನ್ನದೇ ಕೆಂಪು ಇಂಕಿನ ರೈಟು, ಪಕ್ಕದಲ್ಲಿ 'ಉತ್ತಮ'. ಅಕ್ಷರ ಮುತ್ತಿನ ಹಾಗಿತ್ತಲ್ಲ, ಇಲ್ಲಿ ಅವನನ್ನು ಮುತ್ತು ಅಂತಲೇ ಕರೆಯುತ್ತೇನೆ.

2022ರ ಮೇ ತಿಂಗಳಲ್ಲಿ ಒಂದು ದಿನ ಮುತ್ತುವಿಗೆ ಪಾಠ ಓದು ಅಂದೆ. ಎದ್ದು ನಿಂತು, ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ ಸರಾಗವಾಗಿ ಓದಿದ. ಏನೋ ನೆನಪಾಗಿ ಅವನ ಪಕ್ಕ ಹೋಗಿ ನಿಂತೆ. ಬೆರಳು ಮೂರನೇ ಸಾಲಿನಲ್ಲಿತ್ತು. ಬಾಯಿ ಐದನೇ ಸಾಲಿನಲ್ಲಿತ್ತು. ನಾನು ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂದೆ. 'ಮಳೆ' ಅಂತಿತ್ತು. ಅವನು ಪದ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಪಾಠದ ಮೊದಲ ವಾಕ್ಯದಿಂದ ಗುನುಗುತ್ತಾ, ಆ ಪದ ಎಲ್ಲಿ ಬರುತ್ತೆ ಅಂತ ಹುಡುಕಿಕೊಂಡು ಬಂದ. ಸಿಗಲಿಲ್ಲ. ತಲೆ ತಗ್ಗಿಸಿದ.

ಹಿಂದಿನ ವರ್ಷ ಮೂರನೇ ತರಗತಿಯಲ್ಲೂ ಅವನಿಗೆ ನಾನೇ ಟೀಚರ್. ಹಾಗಾದರೆ ಅಷ್ಟೂ 'ಉತ್ತಮ'ಗಳನ್ನು ನಾನು ಯಾವುದಕ್ಕೆ ಕೊಟ್ಟೆ?

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆ. ನನ್ನ ನಾಲ್ಕನೇ ತರಗತಿಯಲ್ಲಿ ಆಗ 23 ಮಕ್ಕಳು. ಇವರು ಒಂದನೇ ತರಗತಿಯಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಎರಡನೇ ತರಗತಿ ಪೂರ್ತಿ ಮನೆ, ಹೊಲ. ನಡುವೆ ಸ್ವಲ್ಪ ದಿನ, ಶಾಲೆ ಹೊರಗೇ ಪಾಠ ಮಾಡೋ ಸರ್ಕಾರದ ವಿದ್ಯಾಗಮ ಯೋಜನೆ ಅಂತ ದೇವಸ್ಥಾನದ ಜಗಲಿ ಮೇಲೆ ಕೂರಿಸಿದ್ದು ಬಿಟ್ಟರೆ ಪಾಠ ಅನ್ನೋದೇ ಇರಲಿಲ್ಲ. ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆಗ ಇವರು ಮೂರನೇ ತರಗತಿ. ಓದೋದು ಕಲಿಯಬೇಕಾದ ಎರಡು ವರ್ಷ ಹಾಗೇ ಕೈಬಿಟ್ಟು ಹೋಗಿತ್ತು. 2022ರಲ್ಲಿ ಸರ್ಕಾರ ಆ ವರ್ಷವನ್ನೇ 'ಕಲಿಕಾ ಚೇತರಿಕೆ' ಅಂತ ಮಾಡಿ, ಮೇ 16ಕ್ಕೇ ಶಾಲೆ ಶುರು ಮಾಡಿಸಿತು. ಕಟ್ಟುಗಟ್ಟಲೆ ಕಲಿಕಾ ಹಾಳೆ ಬಂದವು. ಹಾಳೆ ತುಂಬಬೇಕಾದರೆ ಮೊದಲು ಅದರ ಮೇಲಿರೋ ಸೂಚನೆ ಓದಬೇಕಲ್ವಾ? ಅಲ್ಲೇ ನಮ್ಮ ಗಾಡಿ ನಿಂತಿತ್ತು.

ಮುತ್ತುವಿನ ಪ್ರಸಂಗ ಆದಮೇಲೆ ಉಳಿದವರ ಕಥೆ ಏನು ಅಂತ ಹೆದರಿಕೆ ಆಯಿತು. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋ ಅಸರ್ ಸಮೀಕ್ಷೆಯವರು ಊರಿಗೆ ಬಂದಾಗ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಒಂದು ಹಾಳೆ ಕೈಗಿಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಪದ, ಚಿಕ್ಕ ಪ್ಯಾರಾ, ಒಂದು ಪುಟ್ಟ ಕಥೆ ಇರುತ್ತವೆ. ಅದೇ ಥರ ನಾನೂ ಒಂದು ಹಾಳೆ ಮಾಡಿಕೊಂಡೆ. ವರಾಂಡದ ಮೂಲೆಯಲ್ಲಿ ಒಂದು ಚಾಪೆ ಹಾಕಿ, ಒಬ್ಬೊಬ್ಬರಿಗೆ ಐದಾರು ನಿಮಿಷ ಕೊಟ್ಟೆ. ನಾಲ್ಕು ದಿನ ಬೇಕಾಯಿತು. ಅದುವರೆಗಿನ 11 ವರ್ಷದ ಸರ್ವೀಸಿನಲ್ಲಿ ಒಂದು ಮಗು ಓದೋದನ್ನು ಪಕ್ಕದಲ್ಲಿ ಕೂತು, ಬೇರೆ ಯಾರೂ ಇಲ್ಲದೆ, ಐದು ನಿಮಿಷ ಕೇಳಿಸಿಕೊಂಡದ್ದು ನನಗೆ ನೆನಪಿಲ್ಲ. ಎಲ್ಲಾ ಒಟ್ಟಿಗೆ ಕೂಗೋರು, ನಾನು ಒಟ್ಟಿಗೆ ಕೇಳೋಳು.

ಕಥೆ ಓದಿದವರು ನಾಲ್ಕು ಜನ. ಪ್ಯಾರಾವರೆಗೆ ಬಂದವರು ಐದು. ಪದಕ್ಕೆ ನಿಂತವರು ಆರು. ಉಳಿದ ಎಂಟು ಜನ ಅಕ್ಷರದಲ್ಲೇ ಇದ್ದರು. ಆ ಎಂಟರಲ್ಲಿ ನನ್ನ ಮುತ್ತು.

ಈ ಎಂಟು ಜನಕ್ಕೂ ವರ್ಣಮಾಲೆ ಬರುತ್ತಿತ್ತು ಅನ್ನೋದೇ ತಮಾಷೆ. ಅ ಇಂದ ಳ ತನಕ 49 ಅಕ್ಷರ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಡುವೆ ಒಂದು 'ಬ' ತೋರಿಸಿದರೆ ಮಾತ್ರ ಇಲ್ಲ. ಒಬ್ಬ ಹುಡುಗಿ "ಪ ಫ ಬ" ಅಂತ ಆ ಸಾಲಿನ ತಲೆಯಿಂದ ಇಳಿದು ಬಂದು ಹೇಳಿದಳು. ಕಾಗುಣಿತವೂ ಹಾಗೇ. 'ಕೋ' ಕೇಳಿದರೆ "ಕ ಕಾ ಕಿ ಕೀ" ಅಂತ ಹೊರಟು, ಹತ್ತನ್ನೂ ದಾಟಿ 'ಕೋ' ಹತ್ತಿರ ಬರಬೇಕು. ಅಷ್ಟು ಹೊತ್ತಿಗೆ ಪದದ ಮೊದಲ ಅಕ್ಷರ ಏನಿತ್ತು ಅನ್ನೋದೇ ಮರೆತಿರುತ್ತೆ. ಮನೆಗೆ ಹೋಗೋ ದಾರಿ ಗೊತ್ತು, ಆದರೆ ಪ್ರತಿಸಲ ಬಸ್ ಸ್ಟ್ಯಾಂಡಿನಿಂದಲೇ ಹೊರಡಬೇಕು ಅಂದ ಹಾಗೆ.

ಮೊದಲ ಮೂರು ವಾರ ನಾನು ಮಾಡಿದ್ದೆಲ್ಲ ದಂಡ. ಈ ಎಂಟು ಜನರನ್ನು ಬೇರೆ ಕೂರಿಸಿ ಮತ್ತೆ ಅ, ಆ, ಇ, ಈ ತಿದ್ದಿಸಿದೆ. ಚಿಕ್ಕ ತರಗತಿಯವರಿಗೆ ಕಾರ್ಡು ಇಟ್ಟು ಕಲಿಸೋ ನಲಿ-ಕಲಿ ಕೊಠಡಿಯಿಂದ ಒಂದನೇ ತರಗತಿ ಕಾರ್ಡುಗಳನ್ನು ತಂದುಕೊಟ್ಟೆ. ಒಂಬತ್ತು ವರ್ಷದ ಹುಡುಗರ ಕೈಯಲ್ಲಿ ಆರು ವರ್ಷದವರ ಕಾರ್ಡು! ಕಿಟಕಿ ಹತ್ತಿರ ಒಂದನೇ ತರಗತಿಯ ಚಿಳ್ಳೆಗಳು ಬಂದು "ಇವು ನಮ್ ಕಾರ್ಡು ಕಣ್ರೋ" ಅಂತ ನಕ್ಕವು. ಮಾರನೇ ದಿನ ಎಂಟರಲ್ಲಿ ಮೂವರು ಶಾಲೆಗೆ ಬರಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಒಬ್ಬನಿಗೆ ಅಜ್ಜಿ ಊರಿನ ಹಬ್ಬ, ಒಬ್ಬಳಿಗೆ ಕಾರಣವೇ ಇಲ್ಲ. ಕಾರ್ಡು ವಾಪಸ್ ಕೊಟ್ಟೆ.

ಕಾರ್ಡು ವಾಪಸ್ ಕೊಟ್ಟೆ ಅಂದಮಾತ್ರಕ್ಕೆ ನಲಿ-ಕಲಿ ಬೇಡ ಅಂತಲ್ಲ. ಹಾಗೆ ನೋಡಿದರೆ ಅದರ ಒಂದು ಗುಟ್ಟು ನನಗೆ ಅರ್ಥ ಆದದ್ದೇ ಆಗ. ಈ ಪದ್ಧತಿ ನಮ್ಮ ಪಕ್ಕದ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಕಟ್ಟಿದ್ದು. ಅದರಲ್ಲಿ ಅಕ್ಷರ ಕಲಿಸೋದು ಅ, ಆ, ಇ ಅಂತಲ್ಲ. ರ, ಗ, ಸ, ದ, ಅ ಇಂದ. ಎಷ್ಟೋ ತಂದೆತಾಯಿ "ಇದ್ಯಾವ ಸೀಮೆ ವರ್ಣಮಾಲೆ ಮಿಸ್?" ಅಂತ ಜಗಳ ಆಡಿದ್ದಾರೆ. ನಾನೂ ಟ್ರೈನಿಂಗಿನಲ್ಲಿ ಹೇಳಿದರು ಅಂತ ಸುಮ್ನೆ ಮಾಡುತ್ತಿದ್ದೆ. ಆದರೆ ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಹುಟ್ಟುತ್ತವೆ. ಮೊದಲ ವಾರವೇ ಮಗು ಪದ ಓದುತ್ತೆ. ಅ ಆ ಇ ಈ ಕಲಿತರೆ ಏನು ಓದುತ್ತೆ? ಆಆಆ ಅನ್ನಬಹುದು, ಅಷ್ಟೇ.

ಆ ಗುಟ್ಟನ್ನು ಹಿಡಿದುಕೊಂಡು, ಕಾರ್ಡು ಬಿಟ್ಟು, ಬೇರೆ ಕಡೆಯಿಂದ ಹೊರಟೆ. ಹಾಜರಿ ಪುಸ್ತಕದಿಂದ.

ದಿನಾ ಬೆಳಿಗ್ಗೆ ಮಕ್ಕಳ ಹೆಸರನ್ನು ನಾನು ಕೂಗುವ ಬದಲು ಒಂದೊಂದು ರಟ್ಟಿನ ಚೂರಿನ ಮೇಲೆ ಬರೆದು ಮೇಜಿನ ಮೇಲೆ ಹರಡಿದೆ. ಬಂದವರು ತಮ್ಮ ಹೆಸರು ಹುಡುಕಿ ಗೋಡೆ ಮೇಲಿನ ದಾರಕ್ಕೆ ಸಿಕ್ಕಿಸಬೇಕು. ತಮ್ಮ ಹೆಸರನ್ನು ಎಲ್ಲರೂ ಗುರುತಿಸುತ್ತಾರೆ, ಅದು ದೊಡ್ಡದಲ್ಲ. ನಾಲ್ಕನೇ ದಿನದಿಂದ ಬಾರದವರ ಹೆಸರನ್ನು ಯಾರಾದರೂ ಓದಿ ಹೇಳಬೇಕು ಅಂದೆ. ಜಗಳವೇ ಶುರುವಾಯಿತು. ಒಂದೇ ಅಕ್ಷರದಿಂದ ಶುರುವಾಗೋ ಎರಡು ಹೆಸರಿದ್ದವು. ಯಾವುದು ಯಾರದು? "ಇವನದಕ್ಕೆ ಕೊನೇಲಿ ಬಾಲ ಐತೆ, ಅವನದಕ್ಕೆ ಇಲ್ಲ." ಬಾಲ ಅಂದರೆ ಕೊಂಬು. ಅಕ್ಷರದ ಒಳಗೆ ಕಣ್ಣಿಟ್ಟು ನೋಡೋದು ಅಂದರೆ ಅದೇ ತಾನೇ! ಕಾಗುಣಿತ ಅಂತ ಒಂದು ಮಾತೂ ಆಡದೆ ಕೊಂಬು, ಗುಡಿಸು, ಏತ್ವ ಎಲ್ಲಾ ಚರ್ಚೆಗೆ ಬಂದವು.

ಕಾಗುಣಿತವನ್ನು ಆಮೇಲೆ ಅಡ್ಡಕ್ಕೆ ಬಿಟ್ಟು ಉದ್ದಕ್ಕೆ ಕಲಿಸಿದೆ. ನಾವೆಲ್ಲ ಕಲಿತದ್ದು "ಕ ಕೆ ತಲಕಟ್ಟು ಕೊಟ್ರೆ ಕ, ಕ ಕೆ ಇಳಿ ಕೊಟ್ರೆ ಕಾ, ಕ ಕೆ ಗುಡಿಸು ಕೊಟ್ರೆ ಕಿ" ಅಂತ, ಕೊಂಬಿನಿಳಿ, ವಟ್ರಸುಳಿ ಎಲ್ಲಾ ದಾಟಿ ಒಂದು ಅಕ್ಷರದ ಇಡೀ ಸಾಲು. ಆಮೇಲೆ ಖ, ಆಮೇಲೆ ಗ. 34 ವ್ಯಂಜನಕ್ಕೂ ಹಾಗೆ ಹೋದರೆ ಐನೂರರ ಹತ್ತಿರ ರೂಪ ಆಗುತ್ತೆ. ಅಷ್ಟನ್ನು ಯಾರು ಬಾಯಿಪಾಠ ಮಾಡುತ್ತಾರೆ? ಗುರುತು ಮಾತ್ರ ಹದಿಮೂರು ಹದಿನಾಲ್ಕು. ಹಾಗಾಗಿ ಒಂದು ವಾರ ಇಳಿ ಮಾತ್ರ. ದರ, ದಾರ. ಸರ, ಸಾರ. ಬಳೆ, ಬಾಳೆ. ಬೋರ್ಡ್ ಮೇಲೆ 'ಬಳೆ' ಬರೆದು ಒಂದು ಹುಡುಗಿಯನ್ನು ಕರೆದು, ಇದನ್ನು ತಿನ್ನೋ ಹಾಗೆ ಮಾಡು ಅಂದೆ. ಅವಳು ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತಳು, ಇಳಿ ಹಾಕಿದಳು, ಎಲ್ಲರೂ ಚಪ್ಪಾಳೆ. ಮುಂದಿನ ವಾರ ಗುಡಿಸು: ಗಿಡ, ಗಿಣಿ, ಕಿವಿ, ಬಿಸಿ. ಹೀಗೆ ಒಂದು ಗುರುತನ್ನು ಹತ್ತು ಅಕ್ಷರದ ಮೇಲೆ ಕೂರಿಸಿದರೆ ಹನ್ನೊಂದನೆಯದನ್ನು ಅವರೇ ಕೂರಿಸುತ್ತಾರೆ.

ಕೊಂಬಿನ ವಾರ ಮಾತ್ರ ಹೈರಾಣಾದೆ. ಕು, ಗು, ನು ಇವಕ್ಕೆ ಕೊಂಬು ಬಲಗಡೆ. ಪು, ವು ಬಂದರೆ ಕೊಂಬು ಕೆಳಗೆ ಸೇರಿಕೊಳ್ಳುತ್ತೆ. 'ವು' ಮತ್ತು 'ಮ' ಪಕ್ಕಪಕ್ಕ ಇಟ್ಟು ನೋಡಿ, ಅವಳಿ ಜವಳಿ. ನನ್ನ ಮಕ್ಕಳು 'ಹೂವು' ಅನ್ನು 'ಹೂಮ' ಅಂತಲೇ ಓದುತ್ತಿದ್ದರು. ಮೊದಲೆಲ್ಲ "ಗಮನ ಇಟ್ಟು ನೋಡು" ಅಂತ ಗದರುತ್ತಿದ್ದೆ. ಗಮನ ಇಟ್ಟು ನೋಡಿದರೂ ಅದು ಹಾಗೇ ಕಾಣುತ್ತೆ ಅಂತ ಗೊತ್ತಾದದ್ದು ನಾನೇ ಕನ್ನಡಕ ತೆಗೆದು ನೋಡಿದಾಗ.

ಕನ್ನಡಕ ಅಂದಾಗ ನೆನಪಾಯಿತು. ಎಂಟರಲ್ಲಿ ಒಬ್ಬ ಹುಡುಗಿಗೆ ಏನು ಮಾಡಿದರೂ ಬೋರ್ಡಿನ ಅಕ್ಷರ ಹತ್ತುತ್ತಿರಲಿಲ್ಲ, ಪುಸ್ತಕದ ಅಕ್ಷರ ಪರವಾಗಿಲ್ಲ. ಆರೋಗ್ಯ ತಪಾಸಣೆಗೆ ಬಂದ ತಂಡದವರು ನೋಡಿ ಕಣ್ಣು ಅಂದರು. ಕನ್ನಡಕ ಬಂದ ತಿಂಗಳಲ್ಲಿ ಅವಳು ಪದದಿಂದ ಪ್ಯಾರಾಕ್ಕೆ ಹಾರಿದಳು. ನನ್ನ ಯಾವ ಉಪಾಯಕ್ಕೂ ಅದರಲ್ಲಿ ಪಾಲಿಲ್ಲ.

ಇನ್ನು ಒತ್ತು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಮೊದಲು ಸರಳ ಪದ, ಆಮೇಲೆ ಗುಣಿತ, ಕೊನೆಗೆ ಒತ್ತಕ್ಷರ, ಇದು ನಾನು ಪಾಲಿಸಿಕೊಂಡು ಬಂದ ಕ್ರಮ. ಒತ್ತು ಕಷ್ಟ, ಹಾಗಾಗಿ ಕೊನೆಗೆ. ಆದರೆ ಒತ್ತಿಲ್ಲದೆ ನಮ್ಮ ಮನೆಯಲ್ಲಿ ಯಾರನ್ನಾದರೂ ಕರೆಯೋಕೆ ಆಗುತ್ತಾ? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ. ಊಟಕ್ಕೆ ಕೂತರೆ ಮುದ್ದೆ, ಅನ್ನ, ಸೊಪ್ಪು. ಹೊಲಕ್ಕೆ ಹೋದರೆ ಕಬ್ಬು, ಭತ್ತ, ಎತ್ತು. ಆಲೆಮನೆಗೆ ಹೋದರೆ ಬೆಲ್ಲ. ಮಂಡ್ಯದ ಮಗುವಿನ ಇಡೀ ದಿನ ಒತ್ತಕ್ಷರದ ಮೇಲೆ ನಿಂತಿದೆ. ನಾವು ಮಾತ್ರ 'ಗರಗಸ' ಓದಿಸುತ್ತಾ ಕೂತಿದ್ದೀವಿ. ಗರಗಸವನ್ನು ನನ್ನ ಮಕ್ಕಳಲ್ಲಿ ಅರ್ಧ ಜನ ಕಂಡಿರಲೇ ಇಲ್ಲ.

ಹಾಗಾಗಿ ಆಗಸ್ಟ್‌ನಲ್ಲೇ, ಎಲ್ಲಾ ಗುಣಿತ ಮುಗಿಯೋಕೂ ಮುಂಚೆ, ಮನೆಯವರನ್ನೆಲ್ಲ ಬೋರ್ಡಿಗೆ ತಂದೆ. 'ಅಕ್ಕ' ಓದಿದವರು 'ಪಕ್ಕ', 'ಚಿಕ್ಕ' ಓದಿದರು. ಕ, ಪ, ಬ, ದ ಇವುಗಳ ಒತ್ತು ಸುಲಭ, ತಾಯಿ ಅಕ್ಷರವೇ ಚಿಕ್ಕದಾಗಿ ಕೆಳಗೆ ಕೂರುತ್ತೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ತಾಯಿಯ ಮುಖವೇ ಇಲ್ಲ. ಇವಕ್ಕೆ ಒಂದೊಂದು ಮನೆಯ ಪದವನ್ನೇ ಕಟ್ಟಿದೆ: ಎತ್ತು, ಅನ್ನ, ಅಮ್ಮ, ಅಯ್ಯ, ಬೆಲ್ಲ. ರ ಒತ್ತಿಗೆ ಚಕ್ರ. ಒತ್ತು ಮರೆತರೆ ಗೋಡೆ ಮೇಲಿನ ಬೆಲ್ಲ ನೋಡಿಕೊಂಡು ಬರೋರು.

ಅರ್ಕಾವತ್ತಿನ ಕಥೆ ಬೇರೆ. ಬರೆಯೋದು ಆಮೇಲೆ, ಹೇಳೋದು ಮೊದಲು. ನೋಡೋಕೆ ಕನ್ನಡದ ಒಂಬತ್ತರ ಹಾಗೇ ಇದೆ. ನವೆಂಬರ್ ಒಂದಕ್ಕೆ ಬೋರ್ಡ್ ಮೇಲೆ 'ಕರ್ನಾಟಕ' ಬರೆಯಿರಿ ಅಂದರೆ ಏಳು ಥರ ಬಂತು. 'ಕನಾರ್ಟಕ'ವೇ ಜಾಸ್ತಿ. ನಾನು ನಗಲಿಲ್ಲ, ಯಾಕೆಂದರೆ ಹೆದ್ದಾರಿ ಪಕ್ಕದ ಅಂಗಡಿ ಬೋರ್ಡುಗಳಲ್ಲೂ ಅದೇ ತಪ್ಪು ನೋಡಿದ್ದೇನೆ.

ಈ ನಡುವೆ ಕಬ್ಬು ಕಡಿಯೋ ಗುಂಪಿನ ಜೊತೆ ಬಳ್ಳಾರಿ ಕಡೆಯ ಒಂದು ಕುಟುಂಬ ಊರ ಹೊರಗೆ ಗುಡಿಸಲು ಹಾಕಿತು. ಅವರ ಹುಡುಗಿ ನಮ್ಮ ತರಗತಿಗೆ ಸೇರಿದಳು, 24ನೆಯವಳು. ಅವಳಿಗೆ ಓದು ಪದದ ಮಟ್ಟದಲ್ಲಿತ್ತು. ಆದರೆ ನನ್ನ ಒಂದು ದೊಡ್ಡ ತಲೆನೋವಿಗೆ ಅವಳೇ ಮದ್ದಾದಳು.

ನಮ್ಮ ಕಡೆ ಹಕಾರ ಇಲ್ಲ. ಹಾಲು ಆಲು, ಹಸು ಅಸು, ಹಟ್ಟಿ ಅಟ್ಟಿ. ನಾನೂ ಮದ್ದೂರು ಕಡೆಯವಳು, ಮನೆಯಲ್ಲಿ ನಾನೂ ಆಲೇ ಕಾಯಿಸೋದು. ಶಾಲೆಯಲ್ಲಿ ಬೈಸಿಕೊಂಡು ಬೈಸಿಕೊಂಡು ಮಕ್ಕಳು ಎಲ್ಲಿ ಅಕಾರ ಕಂಡರೂ ಹಕಾರ ಹಾಕೋಕೆ ಶುರು ಮಾಡುತ್ತಾರೆ: ಹಕ್ಕಿ ಬೇಯಿಸಿ ಹನ್ನ ಮಾಡಿದರು! ಕನ್ನಡ ಆಡಿದ ಹಾಗೇ ಬರೆಯೋ ಭಾಷೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆಡೋದರಲ್ಲೇ ಇಲ್ಲದ ಹಕಾರವನ್ನು ಮಗು ಎಲ್ಲಿಂದ ತಂದು ಬರೆಯಬೇಕು? 'ಎಮ್ಮೆ'ಗೆ ನಮ್ಮ ಬಾಯಲ್ಲಿ ಯಕಾರ, 'ಒಂದು'ಗೆ ವಕಾರ. ಮಕ್ಕಳು 'ಯಮ್ಮೆ', 'ವಂದು' ಬರೆದರೆ ಅದು ಅವರ ಕಿವಿ ಸರಿಯಾಗಿದೆ ಅನ್ನೋದಕ್ಕೆ ಸಾಕ್ಷಿ.

ಬಳ್ಳಾರಿ ಹುಡುಗಿ ಹಾಲು ಅಂದರೆ ಹಾಲೇ. ಅವಳನ್ನು ಬೋರ್ಡ್ ಹತ್ತಿರ ನಿಲ್ಲಿಸಿ, ಬಾಯಿ ಮುಂದೆ ಅಂಗೈ ಹಿಡಿದುಕೊಂಡು 'ಹಾಲು' ಅನ್ನೋಕೆ ಹೇಳಿದೆ. "ಬಿಸಿ ಗಾಳಿ ಬರ್ತತ್ರೀ ಟೀಚರ್," ಅಂದಳು. ಎಲ್ಲರೂ ಅಂಗೈ ಹಿಡಿದರು. ಗಾಳಿ ಬಂದರೆ ಹಕಾರ, ಬರದಿದ್ದರೆ ಅಕಾರ. ಯಾವ ಪದಕ್ಕೆ ಗಾಳಿ ಬೇಕು ಅಂತ ಅನುಮಾನ ಬಂದರೆ ಅವಳನ್ನು ಕೇಳೋದು. ಅದುವರೆಗೆ ಅವಳ ಮಾತು ಕೇಳಿ ನಗುತ್ತಿದ್ದವರು ಈಗ "ಏ, ಆರಿಸು ಅನ್ನೋಕೆ ಗಾಳಿ ಬೇಕೇನೇ?" ಅಂತ ಊಟದ ಸಾಲಿನಲ್ಲಿ ಹಿಂದೆ ಬೀಳುತ್ತಿದ್ದರು.

ಓದಿಸೋಕೆ ಪಠ್ಯ ಬೇಕಲ್ಲ? ಪಾಠದ ಪುಸ್ತಕ ಅವರಿಗೆ ಬಾಯಿಗೆ ಬರುತ್ತಿತ್ತು, ಹಾಗಾಗಿ ಉಪಯೋಗ ಇಲ್ಲ. ಮಕ್ಕಳ ಮಾತನ್ನೇ ಬರೆದೆ. ದಿನಾ ಬೆಳಿಗ್ಗೆ ಒಬ್ಬರು ತಮ್ಮ ಮನೆಯ ಒಂದು ಸುದ್ದಿ ಹೇಳಬೇಕು. ಹೇಳಿದ್ದನ್ನು ಹೇಳಿದ ಹಾಗೇ ನಾನು ಬೋರ್ಡ್ ಮೇಲೆ ಬರೆಯುತ್ತೇನೆ. "ನಮ್ಮಟ್ಟಿ ಎಮ್ಮೆ ರಾತ್ರಿ ಕರಾ ಆಕ್ತು." ಅದರ ಕೆಳಗೆ, "ನಮ್ಮ ಮನೆಯ ಎಮ್ಮೆ ರಾತ್ರಿ ಕರು ಹಾಕಿತು." ಮೇಲಿನದಕ್ಕೆ ಮಕ್ಕಳೇ 'ಅಟ್ಟಿ ಮಾತು' ಅಂತ ಹೆಸರಿಟ್ಟರು, ಕೆಳಗಿನದಕ್ಕೆ 'ಪುಸ್ತಕದ ಮಾತು'. ಎರಡನ್ನೂ ಓದಬೇಕು, ಎಲ್ಲೆಲ್ಲಿ ಬದಲಾಗಿದೆ ಅಂತ ಗೆರೆ ಎಳೆಯಬೇಕು. ತನ್ನ ಮಾತು ಬೋರ್ಡ್ ಮೇಲೆ ಕೂತದ್ದನ್ನು ನೋಡಿದ ಮಗುವಿನ ಮುಖ ನೀವು ನೋಡಬೇಕು. ಏನು ಬರೆದಿದೆ ಅಂತ ಅದಕ್ಕೆ ಮೊದಲೇ ಗೊತ್ತು. ಈಗ ಯಾವ ಗುರುತು ಯಾವ ಸದ್ದು ಅಂತ ಹೊಂದಿಸೋದಷ್ಟೇ ಕೆಲಸ.

ಒಂದು ದಿನ ಮೇಲಿನವರು ಒಬ್ಬರು ಶಾಲೆ ನೋಡೋಕೆ ಬಂದರು. ಬೋರ್ಡ್ ನೋಡಿ ಹುಬ್ಬು ಮೇಲೇರಿತು. "ಇದೇನ್ರೀ ಮೇಡಂ, ಕರಾ ಆಕ್ತು? ಪಾಠ ಮಾಡೋರೇ ಹೀಗೆ ಬರೆದ್ರೆ?" ನಾನು ವಿವರಿಸಿದೆ. ಒಂದು ಹುಡುಗಿ ಎದ್ದು ಎರಡೂ ಸಾಲು ಓದಿ ತೋರಿಸಿದಳು. ಅವರು ತಲೆಯಾಡಿಸಿ, ಭೇಟಿ ಪುಸ್ತಕದಲ್ಲಿ 'ಶುದ್ಧ ಭಾಷೆ ಬಳಸಲು ಸೂಚಿಸಲಾಗಿದೆ' ಅಂತ ಬರೆದು ಹೋದರು. ನಾನು ಸಹಿ ಹಾಕಿದೆ. ಮಾರನೇ ದಿನ ಬೋರ್ಡ್ ಮೇಲೆ ಯಾರದೋ ಅಟ್ಟಿ ನಾಯಿ ಕೋಳಿ ಹಿಡಿದ ಸುದ್ದಿ ಇತ್ತು.

ಶಾಲೆಯ ಗ್ರಂಥಾಲಯ ಅಂದರೆ ಆಫೀಸ್ ರೂಮಿನ ಒಂದು ಬೀರು. ಬೀಗ ಹಾಕಿರುತ್ತಿತ್ತು. ಪುಸ್ತಕ ಹರಿದರೆ ಸ್ಟಾಕ್ ರಿಜಿಸ್ಟರಿನಲ್ಲಿ ಯಾರು ಜವಾಬು ಹೇಳೋದು? ಹೆಡ್ಮಾಸ್ಟರ ಜೊತೆ ಎರಡು ವಾರ ಗುದ್ದಾಡಿ 30 ಪುಸ್ತಕ ಬಿಡಿಸಿಕೊಂಡೆ. ತರಗತಿಯಲ್ಲಿ ಬಟ್ಟೆ ಒಣಗಿಸೋ ಹಾಗೆ ದಾರ ಕಟ್ಟಿ, ಕ್ಲಿಪ್ಪು ಹಾಕಿ, ಮಕ್ಕಳ ಕೈಗೆಟುಕೋ ಎತ್ತರದಲ್ಲಿ ನೇತುಹಾಕಿದೆ. ಬೀರುವಿನಲ್ಲಿ ಚಿತ್ರಕ್ಕಿಂತ ನೀತಿಯೇ ಜಾಸ್ತಿ ಇದ್ದ ಪುಸ್ತಕಗಳು ಬಹಳ ಇದ್ದವು. ಹಾಗಾಗಿ ಸ್ಟೋರಿವೀವರ್ ತಾಣದಿಂದ ಚಿಕ್ಕ ಚಿಕ್ಕ ಕನ್ನಡ ಕಥೆಗಳನ್ನು ಇಳಿಸಿ, ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಸ್ಟೇಪ್ಲರ್ ಹೊಡೆದು ಸೇರಿಸಿದೆ. ಅಲ್ಲಿ ಪುಸ್ತಕಗಳು ಪುಕ್ಕಟೆ, ಓದಿನ ಮಟ್ಟದ ಪ್ರಕಾರ ಬೇರೆ ಮಾಡಿರುತ್ತಾರೆ. ಬಿಸಿಯೂಟ ಆದಮೇಲೆ 15 ನಿಮಿಷ ನಾನು ಒಂದು ಕಥೆ ಓದುತ್ತಿದ್ದೆ. ಪ್ರಶ್ನೆ ಇಲ್ಲ, 'ಈ ಕಥೆಯ ನೀತಿ ಏನು' ಇಲ್ಲ. ಓದಿ ಮುಗಿಸಿ ದಾರಕ್ಕೆ ಸಿಕ್ಕಿಸಿದರೆ, ಆಮೇಲೆ ಆ ಪುಸ್ತಕಕ್ಕೇ ಎಳೆದಾಟ. ವರ್ಷದ ಕೊನೆಗೆ ಏಳು ಪುಸ್ತಕ ಚಿಂದಿಯಾದವು. ಹೆಡ್ಮಾಸ್ಟರು ಬೈದರು. ಓದಿದ್ದಕ್ಕೆ ಹರಿದವು ಅಂತ ರಿಜಿಸ್ಟರಿನಲ್ಲಿ ಬರೆಯೋ ಕಾಲಮ್ಮೇ ಇಲ್ಲವಂತೆ.

ಇಷ್ಟೆಲ್ಲ ಆದರೂ ಮುತ್ತು ಮಾತ್ರ ಬರೆಯುತ್ತಿರಲಿಲ್ಲ. ಓದೋದು ನಿಧಾನವಾಗಿ ಬರುತ್ತಿತ್ತು. ನಿನ್ನ ಸುದ್ದಿ ನೀನೇ ಬರಿ ಅಂದರೆ ಖಾಲಿ ಹಾಳೆ ಮುಂದೆ ಕೂರೋನು. "ಬೋರ್ಡಲ್ಲಿ ಬರ್ಕೊಡಿ ಮಿಸ್, ನೋಡ್ಕಂಡ್ ಬರೀತೀನಿ." ಒಂದು ಸಲ ಅರ್ಧ ಪದ ಬರೆದು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ತೂತು ಮಾಡಿದ. ಆಗ ಹೊಳೆಯಿತು. ಅವನಿಗೆ ಬರಹ ಅಂದರೆ ಚಿತ್ತಿಲ್ಲದ ಪುಟ. ಅದನ್ನು ಕಲಿಸಿದವಳು ನಾನೇ, ಎತ್ತಿ ತೋರಿಸಿ, 'ಉತ್ತಮ' ಬರೆದು.

ರಬ್ಬರ್ ಬಂದ್ ಮಾಡಿದೆ. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯೋದು. ಬೋರ್ಡ್ ಮೇಲೆ ನಾನೂ ಬೇಕಂತಲೇ ಹೊಡೆದು ಹಾಕಿ ಬರೆಯೋಕೆ ಶುರು ಮಾಡಿದೆ. ಉಕ್ತಲೇಖನದಲ್ಲಿ ಕೆಂಪು ಇಂಟು ನಿಲ್ಲಿಸಿದೆ. 'ಅಕಿ' ಅಂತ ಬರೆದರೆ, "ಅ ಸರಿ, ಗುಡಿಸು ಸರಿ, ಯಾವುದೋ ಒಂದು ಕೆಳಗೆ ಬಿದ್ದುಹೋಗಿದೆ, ಹುಡುಕು" ಅನ್ನೋದು. ಇದನ್ನು ಒಪ್ಪಿಕೊಳ್ಳೋಕೆ ಮಕ್ಕಳಿಗಿಂತ ನನಗೇ ಕಷ್ಟ ಆಯಿತು. ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುತ್ತಾ?

ಆಮೇಲೆ ಒಂದು ಹಳೇ ಶೂ ಡಬ್ಬಕ್ಕೆ ಸೀಳು ಮಾಡಿ ಮೇಜಿನ ಮೇಲಿಟ್ಟೆ. ನನ್ನಿಂದ ಏನಾದರೂ ಬೇಕಾದರೆ ಚೀಟಿ ಬರೆದು ಹಾಕಬೇಕು. ಬಾಯಲ್ಲಿ ಕೇಳಿದರೆ ಸಿಗೋದಿಲ್ಲ. ಬರೆದದ್ದಕ್ಕೆ ನಾನೂ ಬರೆದೇ ಉತ್ತರ ಕೊಡುತ್ತೇನೆ. ಮೊದಲ ದಿನವೇ ಒಂದು ಚೀಟಿ: 'ಮಿಸ ಉಚ್ಚೆ'. ಅದಕ್ಕೆ ಬರೆದು ಉತ್ತರ ಕೊಡೋಷ್ಟು ಟೈಮಿರಲಿಲ್ಲ. ಆ ಒಂದಕ್ಕೆ ನಿಯಮ ಸಡಿಲ ಮಾಡಿದೆವು. ಆಟ ಆಡಿಸಿ, ಜಾಗ ಬದಲಾಯಿಸಿ, ಅವನು ಹೊಡೆದ, ಮೊಟ್ಟೆ ಯಾವಾಗ, ಚೀಟಿ ಬರುತ್ತಲೇ ಇದ್ದವು.

ದಸರಾ ರಜೆ ಮುಗಿದು ಎರಡು ವಾರಕ್ಕೆ ಮುತ್ತುವಿನ ಚೀಟಿ ಬಂತು. ವಂಕಿವಂಕಿ ಅಕ್ಷರ, ಮೂರು ಕಡೆ ಕಾಟು. 'ಮಿಸ ನಂಗೆ ಬೆಲು ಒಡಿಯಕೆ ಕೊಡಿ'. ನಮ್ಮ ಶಾಲೆಯ ಬೆಲ್ಲು ಅಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಅದನ್ನು ಬಾರಿಸೋದು ಏಳನೇ ತರಗತಿಯವರ ಹಕ್ಕು. ನಾನು ಉತ್ತರ ಬರೆದೆ: 'ನಾಳೆ ಮೂರನೇ ಪೀರಿಯಡ್ ಬೆಲ್ ನೀನೇ ಹೊಡಿ. ಕಬ್ಬಿಣದ ಸರಳು ಆಫೀಸ್ ಕಿಟಕಿ ಮೇಲಿದೆ.' ಆ ಚೀಟಿ ಹಿಡಿದು ಅವನು ಬೇವಿನ ಮರದ ಕೆಳಗೆ ಕೂತ. ಯಾರಿಗೂ ತೋರಿಸಲಿಲ್ಲ. ಮಾರನೇ ದಿನ ಸರಿಯಾಗಿ ಮೂರನೇ ಪೀರಿಯಡ್‌ಗೆ ಬೆಲ್ ಆಯಿತು, ಆದರೆ ಸದ್ದು ಏನೋ ಬೇರೆ. ಹೊರಗೆ ಬಂದು ನೋಡಿದರೆ ಮುತ್ತು ಕಲ್ಲಿನಲ್ಲಿ ಕುಟ್ಟುತ್ತಿದ್ದ. ಎರಡನೇ ವಾಕ್ಯ ಓದಿರಲಿಲ್ಲ.

ಜನವರಿಯಲ್ಲಿ ಕಬ್ಬಿನ ಕಡಿತ ಮುಗಿದು ಬಳ್ಳಾರಿ ಹುಡುಗಿ ಹೊರಟುಹೋದಳು. ಹಿಂದಿನ ದಿನ ಗೊತ್ತಿರಲಿಲ್ಲ. ಸೋಮವಾರ ಅವಳ ಹೆಸರಿನ ರಟ್ಟು ಮೇಜಿನ ಮೇಲೇ ಉಳಿಯಿತು. ಅಷ್ಟು ಹೊತ್ತಿಗೆ ಅವಳು ಕಥೆ ಓದುತ್ತಿದ್ದಳು. ಈಗ ಯಾವ ಊರಿನ ಯಾವ ಶಾಲೆಯಲ್ಲಿದ್ದಾಳೋ, ಯಾವ ತರಗತಿಯಲ್ಲಿ ಕೂರಿಸಿದ್ದಾರೋ.

ಮಾರ್ಚ್‌ನಲ್ಲಿ ಮತ್ತೆ ಅದೇ ಚಾಪೆ, ಅದೇ ಥರದ ಬೇರೆ ಹಾಳೆ. ಉಳಿದ 23ರಲ್ಲಿ ಕಥೆ ಓದಿದವರು 12. ಪ್ಯಾರಾ ಆರು, ಪದ ಮೂರು. ಇಬ್ಬರು ಇನ್ನೂ ಅಕ್ಷರದಲ್ಲೇ ಇದ್ದರು. ಆ ಇಬ್ಬರಲ್ಲಿ ಒಬ್ಬ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು, ಕುರಿ ಕಾಯೋಕೆ ಹೋಗುತ್ತಿದ್ದ. ಇನ್ನೊಬ್ಬಳು ದಿನಾ ಬರುತ್ತಿದ್ದಳು, ಎಲ್ಲಾ ಮಾಡುತ್ತಿದ್ದಳು, ಇವತ್ತು ಕಲಿತದ್ದು ನಾಳೆ ಇರುತ್ತಿರಲಿಲ್ಲ. ನಾನು ಏನು ಮಾಡಬೇಕಿತ್ತು ಅಂತ ಅವಳ ವಿಷಯದಲ್ಲಿ ಈಗಲೂ ಯೋಚಿಸುತ್ತೇನೆ. ಮುತ್ತು ಪ್ಯಾರಾದಲ್ಲಿದ್ದ. ಕಥೆ ಕೊಟ್ಟೆ, ಅರ್ಧಕ್ಕೆ ನಿಲ್ಲಿಸಿ "ಉದ್ದ ಆಯ್ತು ಮಿಸ್" ಅಂದ.

ಏಪ್ರಿಲ್‌ನಲ್ಲಿ ರಿಸಲ್ಟ್ ಹೇಳೋ ದಿನ ಅವನ ಅಮ್ಮ ಬಂದಳು. ಆಲೆಮನೆಯಿಂದ ನೇರ ಬಂದಿದ್ದಳು, ಸೀರೆಯಲ್ಲಿ ಬೆಲ್ಲದ ವಾಸನೆ. ಮಗನ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು.

"ಏನ್ ಮಿಸ್ ಇದು? ಅಕ್ಷರ ಪೂರಾ ಕೆಟ್ಟೋಗದೆ. ಓದ್ ವರ್ಸ ಎಷ್ಟ್ ಚೆಂದಾಗ್ ಬರೀತಿದ್ದ. ನೀವು ಎಲ್ರಿಗೂ ತೋರುಸ್ತಿದ್ರಂತೆ."

ನೋಡಿದೆ. ನಿಜ. ಸಾಲು ಮೇಲೆ ಕೆಳಗೆ, ಕಾಟು, ಬಾಣ, ಮಧ್ಯೆ ತುರುಕಿದ ಪದ. ಅವರ ಕೋಳಿ ಬಗ್ಗೆ ಬರೆದಿದ್ದ.

"ಓದೋ," ಅಂದೆ ಮುತ್ತುವಿಗೆ.

ಅವನು ಪುಸ್ತಕ ತಿರುಗಿಸಿಕೊಂಡ. "ನಮ್ಮ ಕೋಳಿ... ಹತ್ತು ಮರಿ... ಮಾಡಿತು. ಎರಡು ಮರಿ ಹ... ಹದ್ದು ಕಚ್ಕೊಂಡು... ಹೋಯಿತು. ಅಮ್ಮ ಹದ್ದಿಗೆ... ಬೈದಳು." ಬೆರಳು ಇದ್ದ ಕಡೆಯೇ ಬಾಯಿ ಇತ್ತು.

ಅವನ ಅಮ್ಮ ನೋಟ್‌ಬುಕ್ಕಿನ ಮೇಲೆ ಬಗ್ಗಿದಳು. ಅವಳಿಗೆ ಓದೋಕೆ ಬರೋದಿಲ್ಲ. "ಎರಡಲ್ಲ ಕಣ್ಲಾ, ಮೂರು. ಮೂರ್ ಮರಿ ಎತ್ಕಂಡೋಯ್ತು."

"ಎರಡೇ ಕಣಮ್ಮ. ಒಂದು ಬಾವಿಗೆ ಬಿತ್ತು."

"ಬಾವಿಗ್ ಬಿದ್ದುದ್ದು ಆ ಪಕ್ಕದ್ ಅಟ್ಟೀದು!"

ಮುತ್ತು ಪೆನ್ಸಿಲ್ ಕೇಳಿದ.